ತುಡುವೆ ಜೇನು ಅಮ್ಮನಿಗೆ ಬೆನ್ನು ಕೊಟ್ಟು ನಿಂತದ್ದು

ಲೋಕದ ಮೈ ಇನ್ನೂ ಹಸಿಯಾಗಿದ್ದ ಕಾಲ, ಮಕ್ಕಳೇ. ಬೆಟ್ಟಗಳು ಎಲ್ಲಿ ಕೂರೋಣ ಅಂತ ಜಾಗ ಹುಡುಕುತ್ತಿದ್ದವು. ಹೊಳೆಗಳು ದಾರಿ ತಪ್ಪಿ ಒಂದರ ಊರಿಗೆ ಇನ್ನೊಂದು ಹೋಗಿ, ಮಾತಾಡಿಸಿಕೊಂಡು ವಾಪಸು ಬರುತ್ತಿದ್ದವು. ಸೂರ್ಯನಿಗಂತೂ ಉರಿಯ ಅಳತೆಯೇ ಗೊತ್ತಿರಲಿಲ್ಲ. ಹೊಸದಾಗಿ ಅಡುಗೆ ಕಲಿಯುವವರ ಹಾಗೆ, ಒಂದು ದಿನ ಲೋಕವನ್ನು ಹಸಿಹಸಿ ಬಿಡುತ್ತಿದ್ದ, ಮರುದಿನ ತಳ ಹಿಡಿಸುತ್ತಿದ್ದ.

ಆಗ ತುಡುವೆ ಜೇನುಗಳೂ ಹೆಜ್ಜೇನಿನ ಹಾಗೆ ಕೊಂಬೆಗೆ ಜೋತುಬಿದ್ದು ಬಯಲಲ್ಲೇ ಸಂಸಾರ ಮಾಡುತ್ತಿದ್ದವು. ಬಯಲ ಮನೆ ಅಂದಮೇಲೆ ಕಳ್ಳರ ಕಾಟ ತಪ್ಪುತ್ತದೆಯೇ? ಹಳದಿ ಪಟ್ಟೆಯ ಕಡಜ ಬರುತ್ತಿತ್ತು, ಮರಿಗಳನ್ನು ಕಚ್ಚಿಕೊಂಡು ಹೋಗುತ್ತಿತ್ತು. ಅಳುತ್ತಾ ಕೂತರೆ ಆದೀತೇ ಅಂತ ಅಮ್ಮ, ಅಂದರೆ ರಾಣಿ ಜೇನು, ತನ್ನ ಬಳಗವನ್ನೆಲ್ಲ ಕಟ್ಟಿಕೊಂಡು ಒಂದು ಮುದಿ ಹುಣಸೆಮರದ ಪೊಟರೆ ಹೊಕ್ಕಳು.

ಲೋಕವೇ ಹೊಸದಾಗಿರುವಾಗ ಮುದಿ ಮರ ಎಲ್ಲಿಂದ ಬಂತು ಅಂತ ಕೇಳುತ್ತೀರಿ, ನನಗೆ ಗೊತ್ತು. ಕೆಲವು ಮರಗಳು ಹುಟ್ಟುವಾಗಲೇ ಮುದಿಯಾಗಿ ಹುಟ್ಟುತ್ತವೆ. ಮನುಷ್ಯರಲ್ಲೂ ಅಂಥವರಿದ್ದಾರೆ, ನೀವೇ ನೋಡಿದ್ದೀರಿ. ಇರಲಿ.

ಪೊಟರೆಯ ಮನೆ ಚೆನ್ನಾಗಿತ್ತು. ಬಾಗಿಲು ಒಂದೇ, ಅದೂ ಹುಣಸೆಬೀಜ ನಾಲ್ಕಿಟ್ಟರೆ ಮುಚ್ಚಿಹೋಗುವಷ್ಟು ಕಿರಿದು. ಒಳಗೆ ಮೇಣದ ಎರಿಗಳನ್ನು ಒಂದರ ಪಕ್ಕ ಒಂದು ಪರದೆಗಳ ಹಾಗೆ ಇಳಿಬಿಟ್ಟರು. ಎರಿಗೂ ಎರಿಗೂ ನಡುವೆ ಒಂದೊಂದು ಕೋಣೆ. ಬಾಗಿಲ ಕೋಣೆಯಲ್ಲಿ ಹೂಪುಡಿ, ಅದರಾಚೆ ಜೇನುತುಪ್ಪದ ಕೋಣೆ, ಎಲ್ಲಕ್ಕಿಂತ ಒಳಗೆ ಮರಿಗಳ ಕೋಣೆ. ಕಡಜ ಬಂದು ಮರ ಸುತ್ತಿ, ಬಾಗಿಲಲ್ಲಿ ಇಣುಕಿ, ಎದುರಿನ ಕೊಂಬೆಯ ಮೇಲೆ ಕೂತುಕೊಂಡಿತು.

"ನಿಧಾನ. ನನಗೇನೂ ಅವಸರವಿಲ್ಲ" ಅಂದಿತು.

ಆ ಮನೆಯಲ್ಲಿ ಒಂದು ಮರ್ಯಾದೆ ಇತ್ತು. ಅಮ್ಮನಿಗೆ ಯಾರೂ ಬೆನ್ನು ತೋರಿಸಬಾರದು. ಗುಡಿಯಿಂದ ಹೊರಗೆ ಬರುವಾಗ ಹಿರಿಯರು ದೇವರಿಗೆ ಮುಖ ಮಾಡಿಕೊಂಡೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಾರಲ್ಲ, ಥೇಟ್ ಹಾಗೆ. ಹೂವಿಗೆ ಹೊರಟ ಜೇನೂ ಹಿಂದೆ ಹಿಂದೆ ನಡೆದು, ಬಾಗಿಲು ದಾಟಿದ ಮೇಲೇ ತಿರುಗಬೇಕು. ಒಳಗೆ ನಿಂತು ಬೆನ್ನು ತೋರಿಸಿದವಳಿಗೆ ಮತ್ತೆ ಆ ಮನೆಯ ಬಾಗಿಲಿಲ್ಲ. ಇದನ್ನು ಕಾಯುತ್ತಿದ್ದವಳು ಹೊಂಗೆಯಕ್ಕ. ಮೊದಲು ಉಂಡ ಹೂವಿನ ಹೆಸರೇ ಆ ಮನೆಯಲ್ಲಿ ಎಲ್ಲರ ಹೆಸರು. ಹೊಂಗೆಯಕ್ಕ ಬಾಗಿಲಲ್ಲೇ ಇರುತ್ತಿದ್ದಳು, ಅವಳ ಕಣ್ಣಿಗೆ ಬೀಳದೆ ಒಂದು ಕಾಲೂ ಅಲ್ಲಾಡುತ್ತಿರಲಿಲ್ಲ.

ಹೀಗಿರುವಾಗ ಬೇಸಿಗೆ ಬಂತು. ಸೂರ್ಯ ಒಂದು ದಿನ ಉರಿ ಹೆಚ್ಚಿಟ್ಟು ಮರೆತೇಬಿಟ್ಟ.

ಮರಿಗಳಿಗೆ ಉಣಿಸುವ ಲಕ್ಕಿ ಒಳಗಿನಿಂದ ಹಿಂದೆ ಹಿಂದೆ ಹೆಜ್ಜೆಯಿಡುತ್ತಲೇ ಓಡಿಬಂದಳು. "ಅಕ್ಕಾ, ಮರಿಗಳ ಕೋಣೆ ಕಾದಿದೆ. ಉಸಿರಾಡೋಕೆ ಆಗ್ತಿಲ್ಲ, ಗಾಳಿ ಬೇಕು."

"ಗಾಳಿ ಬೇಕು ಅಂದ್ರೆ ಬೀಸಣಿಗೆ ಬೇಕು" ಅಂದಳು ಹೊಂಗೆಯಕ್ಕ. "ಸಣ್ಣದು ತಂದು ಹೆಸರು ಕೆಡಿಸಿಕೊಳ್ಳೋದು ಬೇಡ. ಇರೋದರಲ್ಲಿ ದೊಡ್ಡದನ್ನೇ ನೋಡೋಣ."

ಗಂಡು ನೋಡಲು ಹೊರಟವರ ಹಾಗೆ ಹೊರಟರು. ಮೊದಲು ಸಿಕ್ಕವನು ನವಿಲಯ್ಯ. ಬಂದ, ನಿಂತ, ಗರಿ ಬಿಚ್ಚಿದ. ಏನು ಬಣ್ಣ, ಏನು ಝಗಮಗ! ಬಾಗಿಲ ಮುಂದೆ ಝಲ್ ಅಂತ ಅಲ್ಲಾಡಿಸಿದ. ಗಾಳಿ ಬೀಸಿತು ನಿಜ. ಆದರೆ ಮರಕ್ಕೆ ಬಡಿದು, ಎರಡು ಪಕ್ಕಕ್ಕೂ ಹರಿದು, ಹುಲ್ಲಿಗೆ ತಂಪಾಯಿತು. ಬಾಗಿಲೊಳಗೆ ಎಳೆಯಷ್ಟೂ ಹೋಗಲಿಲ್ಲ.

"ಹೇಗಿತ್ತು?" ಅಂದ ನವಿಲಯ್ಯ.

"ನೋಡೋಕೆ ಚೆನ್ನಾಗಿತ್ತು" ಅಂದಳು ಲಕ್ಕಿ.

"ಅಷ್ಟು ಸಾಕು ಬಿಡು" ಅಂದು ಖುಷಿಯಿಂದ ಹೊರಟುಹೋದ. ಒಳಗೆ ಮರಿಗಳ ಕೋಣೆಯ ಮೇಣ ಮೆತ್ತಗಾಗತೊಡಗಿತ್ತು.

ಎರಡನೆಯವನು ಆನೆಯಣ್ಣ. ಪಾಪ, ಒಳ್ಳೆಯವನು. ಕಿವಿಯನ್ನು ಬಾಗಿಲಿಗೇ ಒತ್ತಿ ಹಿಡಿದು, "ಹೂಂ, ಹುಷಾರು" ಅಂತ ಒಂದೇ ಒಂದು ಸಲ ಬೀಸಿದ. ಗಾಳಿ ಧಡ್ ಅಂತ ಒಳಗೆ ನುಗ್ಗಿತು. ಆದರೆ ಹೋಗುವುದೆಲ್ಲಿಗೆ? ಹಿಂದುಗಡೆ ಗೋಡೆ. ಗೋಡೆಗೆ ಗುದ್ದಿ, ಅದೇ ರಭಸಕ್ಕೆ ತಿರುಗಿ ಬಂತು. ಎರಿಗಳು ಜೋಕಾಲಿಯಾದವು. ತುಪ್ಪದ ಎರಿ ಬುಡ ಕಳಚಿ ಕೆಳಗೆ ಬಿತ್ತು. ಬಿದ್ದ ತುಪ್ಪ ಬಿಸಿಗೆ ಕರಗಿ ಬಾಗಿಲಿನಿಂದ ಮರದ ಮೈಮೇಲೆ ಇಳಿಯಿತು.

"ಅಯ್ಯೋ, ನನ್ನ ಕಿವಿಯೇ ಹಾಳು" ಅಂತ ಆನೆಯಣ್ಣ ಕಣ್ಣೀರಿಟ್ಟು ಹಿಂದೆ ಸರಿದ. ತುಪ್ಪದ ವಾಸನೆಗೆ ಕಡಜ ಒಂದು ಕೊಂಬೆಯಷ್ಟು ಹತ್ತಿರಕ್ಕೆ ಬಂದು ಕೂತಿತು.

"ಅಕ್ಕಾ, ಹಿಂದುಗಡೆ ಒಂದು ಕಿಂಡಿ ಕೊರೆದುಕೊಂಡ್ರೆ?" ಅಂದಳು ಲಕ್ಕಿ ಮೆಲ್ಲಗೆ.

ಕಡಜಕ್ಕೆ ಕೇಳಿಸಿಯೇಬಿಟ್ಟಿತು. "ಕೊರೀರಮ್ಮ, ಕೊರೀರಿ. ಮುಂಬಾಗಿಲಲ್ಲಿ ನಿಮಗ್ಯಾಕೆ ತೊಂದರೆ? ನಾನು ಆ ಕಡೆಯಿಂದಲೇ ಬರ್ತೀನಿ."

ಕಿಂಡಿಯ ಮಾತು ಅಲ್ಲಿಗೇ ಬಿತ್ತು.

"ಯಾರ ಹಂಗೂ ಬೇಡ" ಅಂದಳು ಹೊಂಗೆಯಕ್ಕ. "ನಮಗೂ ರೆಕ್ಕೆ ಇದೆ. ಬನ್ರೇ ಎಲ್ಲಾ, ನಾವೇ ಬೀಸೋಣ."

ಬಂದರು. ಬಾಗಿಲ ಈ ಅಂಚಿನಿಂದ ಆ ಅಂಚಿನವರೆಗೆ ಒತ್ತಿ ಒತ್ತಿ ನಿಂತರು. ಮುಖ ಯಾವ ಕಡೆ? ಮರ್ಯಾದಸ್ಥರಲ್ಲವೇ, ಅಮ್ಮನ ಕಡೆ. ಗುಂಯ್ ಅಂತ ಬೀಸಿದರು.

ಈಗ ಒಂದು ವಿಷಯ ಗಮನಿಸಿ. ಜೇನು ನಿಂತಲ್ಲೇ ರೆಕ್ಕೆ ಬೀಸಿದರೆ ಗಾಳಿ ಅದರ ಮುಖದ ಕಡೆಯಿಂದ ಬಾಲದ ಕಡೆಗೆ ಹೋಗುತ್ತದೆ. ಇದಕ್ಕೆ ಓದಿದವರು ಏನೋ ಉದ್ದದ ಹೆಸರಿಟ್ಟಿದ್ದಾರೆ, ನಮಗೆ ಬೇಡ. ಆದದ್ದೇನು? ಒಳಗಿನ ಬಿಸಿಯೆಲ್ಲ ಬೀಸುವವರ ಮುಖಕ್ಕೇ ಬಡಿಯಿತು. ಇದ್ದ ಒಂದು ಬಾಗಿಲಿನ ತುಂಬಾ ಅವರೇ. ಹೊರಗಿನ ತಂಪು ಬರಲು ನೂಲಿನಷ್ಟೂ ದಾರಿಯಿಲ್ಲ. ಬೀಸಿದಷ್ಟೂ ಒಳಗೆ ಧಗೆ ಬಿಗಿಯಿತು, ಬಿಗಿದಷ್ಟೂ ಜೋರಾಗಿ ಬೀಸಿದರು. ಒಬ್ಬಳು ಕಣ್ಣು ಕತ್ತಲೆ ಬಂದು ಬಿದ್ದಳು. ಅವಳ ಜಾಗಕ್ಕೆ ಇನ್ನೊಬ್ಬಳು ಬಂದಳು. ಅವಳೂ ಬಿದ್ದಳು.

ಎಲ್ಲರ ಮುಖ ಒಳಗೆ. ಹೊರಗೆ ನೋಡುವವರು ಯಾರು? ಕಡಜ ಸದ್ದಿಲ್ಲದೆ ಇಳಿದು, ಅಂಚಿನಲ್ಲಿ ನಿಂತಿದ್ದವಳನ್ನು ಹಿಂದಿನಿಂದ ಕಚ್ಚಿ ಎತ್ತಿಕೊಂಡು ಹೋಯಿತು. ಪಕ್ಕದವಳಿಗೂ ಗೊತ್ತಾಗಲಿಲ್ಲ.

ಲಕ್ಕಿ ಒಳಗೆ ಓಡಿದಳು. ಮರಿಗಳ ಎರಿ ಜೋಲುತ್ತಿತ್ತು. ಮೇಣದ ತೊಟ್ಟಿಲುಗಳ ಬಾಯಿ ಅಗಲವಾಗಿ, ಬಿಳಿ ಮರಿಗಳು ಅಂಚಿಗೆ ಜಾರುತ್ತಿದ್ದವು. ಬೆಳಗ್ಗೆ ಉಣಿಸುವಾಗ ತಲೆಯೆತ್ತಿ ಬಾಯಿ ತೆರೆದಿದ್ದ ಮೂಲೆಯ ಮರಿ ಈಗ ತಲೆ ಎತ್ತಲಿಲ್ಲ. ಅದರ ಮೇಲೆ ಅಮ್ಮ ಬಾಗಿ ನಿಂತಿದ್ದಳು. ತನ್ನ ಮೈಯಿಂದಲೇ ಜೋಲುವ ಎರಿಗೆ ಆಸರೆ ಕೊಟ್ಟಿದ್ದಳು.

"ಇರು ಕಂದಾ, ಬಂದೆ" ಅಂದಳು ಲಕ್ಕಿ. ಅಮ್ಮನಿಗೆ ಅಂದಳೋ ಮರಿಗೆ ಅಂದಳೋ, ಅವಳಿಗೇ ತಿಳಿಯಲಿಲ್ಲ. ಹಿಂದೆ ಹಿಂದೆ ಹೆಜ್ಜೆಯಿಡುತ್ತಾ ಬಾಗಿಲಿಗೆ ಬಂದು, ಅಕ್ಕತಂಗಿಯರ ಕಾಲಸಂದಿಯಿಂದ ಹೊರಗೆ ನುಸುಳಿದಳು.

ಹೊರಗೆ ಹುಣಸೆಯ ಎಲೆಗಳಲ್ಲಿ ಗಾಳಿಮಾವ ಕಾಲು ಚಾಚಿ ಮಲಗಿದ್ದ.

"ಮಾವಾ, ಮನೆಯಲ್ಲಿ ಮಕ್ಕಳು ಸಾಯ್ತಿದಾವೆ. ನೀನು ಇಲ್ಲಿ ಮಲಗಿದೀಯಾ?"

"ನೀವು ಬೀಸೋಕೆ ನಿಂತಾಗಿನಿಂದ ನಾಲ್ಕು ಸಲ ಬಂದೆ ಕಣೇ" ಅಂದ ಗಾಳಿಮಾವ, ಮುನಿಸಿನಿಂದ. "ಬಂದಾಗೆಲ್ಲ ಬಾಗಿಲಲ್ಲಿ ಬರೀ ನಿಮ್ಮ ಹಿಂಭಾಗ. ಒಳಗಿನ ಧಗೆಯೆಲ್ಲ ನನ್ನ ಮುಖಕ್ಕೇ ಎರಚ್ತೀರಿ. ನೆಂಟನ್ನ ಕರೆಯೋ ರೀತಿಯಾ ಇದು?"

"ಈಗ ಬಾ. ಕೈ ಮುಗೀತೀನಿ."

"ಬಂದು ಎಲ್ಲಿಗೆ ಹೋಗಲಿ? ನಾನು ಕೂತು ಉಣ್ಣೋ ನೆಂಟ ಅಲ್ಲ, ಹಾದು ಹೋಗೋ ನೆಂಟ. ಹೋಗೋ ದಾರಿ ಕಾಣದ ಮನೆಗೆ ಕಾಲಿಡೋದಿಲ್ಲ. ಆನೆ ಬಲವಂತವಾಗಿ ನೂಕಿದ, ಏನಾಯ್ತು? ತಲೆ ಇನ್ನೂ ನೋಯ್ತಿದೆ."

ಲಕ್ಕಿ ಬಾಗಿಲ ಕಡೆ ನೋಡಿದಳು. ಬಾಗಿಲು ಒಂದೇ. ಇನ್ನೊಂದು ಕೊರೆಯುವಂತಿಲ್ಲ. ಆದರೆ ಒಂದೇ ಬಾಗಿಲಲ್ಲಿ ಒಂದು ಪಕ್ಕ ಬರುವವರಿಗೆ, ಒಂದು ಪಕ್ಕ ಹೋಗುವವರಿಗೆ ಬಿಟ್ಟರೆ? ಆಗ ಬೀಸುವವರು ಮಾವನನ್ನು ಒಳಗೆ ತಳ್ಳಬೇಕು. ಒಳಗೆ ತಳ್ಳಬೇಕಾದರೆ ಬಾಲ ಒಳಗಿರಬೇಕು. ಬಾಲ ಒಳಗೆ ಅಂದರೆ...

ಅವಳ ಮೈ ತಣ್ಣಗಾಯಿತು. ಆ ಧಗೆಯಲ್ಲೂ ತಣ್ಣಗಾಯಿತು.

ಬಾಗಿಲಿಗೆ ಬಂದಳು. ಕಡಜ ಕಚ್ಚಿ ಒಯ್ದವಳ ಜಾಗ ಎಡ ಅಂಚಿನಲ್ಲಿ ಖಾಲಿ ಬಿದ್ದಿತ್ತು. ಅಲ್ಲಿ ನಿಂತಳು. ತಿರುಗಿದಳು. ಮುಖ ಹೊರಗೆ, ಬೆನ್ನು ಅಮ್ಮನಿಗೆ. ಬೀಸಿದಳು.

ಗುಂಯ್ ಅನ್ನುತ್ತಿದ್ದ ಸಾಲು ನಿಂತೇಹೋಯಿತು.

"ಲಕ್ಕೀ!" ಕೂಗಿದಳು ಹೊಂಗೆಯಕ್ಕ. "ಬೆನ್ನು! ತಲೆ ತಿರುಗಿತೇನೇ ನಿನಗೆ? ಈ ಕಡೆ ತಿರುಗು!"

"ಅಕ್ಕಾ, ಆ ಪಕ್ಕದ ಅರ್ಧ ಬಾಗಿಲು ಬಿಡಿ. ಒಳಗಿನ ಬಿಸಿ ಆ ಕಡೆಯಿಂದ ಹೋಗಲಿ."

"ಬಾಗಿಲು ಬಿಡೋದಾ? ಕಡಜ ಕಾಯ್ತಾ ಕೂತಿದೆ! ಮರಿಗಳಿಗೆ ಅನ್ನ ಇಕ್ಕಿದವಳು ಅಂತ ಒಂದೇ ಸಲ ಹೇಳ್ತೀನಿ. ತಿರುಗು. ಇಲ್ಲಾಂದ್ರೆ ನಿನಗೆ ಈ ಮನೆ ಇಲ್ಲ."

"ಮರಿಗಳೇ ಇಲ್ಲದ ಮನೆ ನನಗ್ಯಾಕಕ್ಕಾ?"

ಹೊಂಗೆಯಕ್ಕ ಮುಂದೆ ಬಂದು ಅವಳ ಹಿಂಗಾಲು ಕಚ್ಚಿ ಎಳೆದಳು. ಲಕ್ಕಿ ಉಳಿದ ಐದು ಕಾಲಲ್ಲಿ ಮರ ಕಚ್ಚಿ ಹಿಡಿದು, ಬೀಸುತ್ತಲೇ ಇದ್ದಳು. ಈ ಗಲಾಟೆಗೆ ಸಾಲು ಚೆದುರಿತು, ಬಲ ಪಕ್ಕದ ಬಾಗಿಲು ತೆರವಾಯಿತು. ಗಾಳಿಮಾವ ಎಲೆ ಸರಿಸಿ ಎದ್ದು ಕೂತ. ಕಡಜವೂ ಎದ್ದು ಕೂತಿತು. ಅದು ಇಷ್ಟು ದಿನ ಕಾದದ್ದು ಇದಕ್ಕೇ ಅಲ್ಲವೇ!

ಬಂತು. ಹಳದಿ ಪಟ್ಟೆ ಮಿಂಚಿ, ತೆರೆದ ಬಲ ಪಕ್ಕಕ್ಕೆ ನೇರವಾಗಿ ಬಂತು. ಹೊಂಗೆಯಕ್ಕನಿಗೆ ಕಾಣಲಿಲ್ಲ, ಅವಳ ಮುಖ ಒಳಗೆ. ಯಾರಿಗೂ ಕಾಣಲಿಲ್ಲ.

ಹೊರಗೆ ಮುಖ ಮಾಡಿದ್ದವಳು ಒಬ್ಬಳೇ.

"ಅಕ್ಕಾ, ಬಲಕ್ಕೆ! ಕಡಜ!" ಅಂತ ಚೀರಿದಳು ಲಕ್ಕಿ.

ಹೊಂಗೆಯಕ್ಕ ಯೋಚಿಸಲಿಲ್ಲ. ಯೋಚಿಸಿದ್ದರೆ ಕಾಲ ಮೀರುತ್ತಿತ್ತು. ಲಕ್ಕಿ ಹೇಳಿದ ಕಡೆಗೆ ಹಾರಿ ಕಡಜದ ಕೊರಳಿಗೆ ಬಿದ್ದಳು. ಅವಳ ಹಿಂದೆ ಒಬ್ಬಳು, ಅವಳ ಮೇಲೆ ಇನ್ನೊಬ್ಬಳು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಕಡಜ ಕಾಣಲೇ ಇಲ್ಲ, ಜೇನಿನ ಒಂದು ಉಂಡೆ ಕಂಡಿತು. ಉಂಡೆ ಉರುಳಿ ಕೆಳಗೆ ಬಿತ್ತು. ಅದರೊಳಗಿಂದ ಕಡಜ ಹೇಗೋ ಕಿತ್ತುಕೊಂಡು, ಒಂದು ರೆಕ್ಕೆ ಎಳೆಯುತ್ತಾ ಕುಂಟಿಕೊಂಡು ಪೊದೆ ಹೊಕ್ಕಿತು.

ಅಷ್ಟು ಹೊತ್ತೂ ಲಕ್ಕಿ ರೆಕ್ಕೆ ನಿಲ್ಲಿಸಲಿಲ್ಲ. ಎಡ ಪಕ್ಕದಿಂದ ಗಾಳಿಮಾವ ತಲೆ ಬಗ್ಗಿಸಿ ಒಳಗೆ ಬಂದ. ಹೂಪುಡಿಯ ಕೋಣೆ ದಾಟಿದ, ತುಪ್ಪದ ಕೋಣೆ ದಾಟಿದ, ಮರಿಗಳ ಕೋಣೆ ಹೊಕ್ಕು ಒಂದು ಸುತ್ತು ಹಾಕಿ, ಅಲ್ಲಿನ ಧಗೆಯನ್ನೆಲ್ಲ ಮೂಟೆ ಕಟ್ಟಿ ಹೆಗಲಿಗೇರಿಸಿಕೊಂಡು ಬಲ ಪಕ್ಕದಿಂದ ಹೊರಟುಹೋದ.

ಒಳಗಿನಿಂದ ಅಮ್ಮನ ದನಿ ಬಂತು. ಅಮ್ಮ ಮಾತಾಡುವುದೇ ಅಪರೂಪ.

"ಬಾಗಿಲಲ್ಲಿ ಯಾರು?"

ಕೆಳಗಿನಿಂದ ಮೇಲೇರಿ ಬಂದ ಹೊಂಗೆಯಕ್ಕನೇ ಹೇಳಬೇಕಾಯಿತು. ಸುಳ್ಳು ಅವಳಿಗೆ ಅಭ್ಯಾಸವಿರಲಿಲ್ಲ. "ಅಮ್ಮಾ, ಲಕ್ಕಿ. ನಿಮಗೆ... ಬೆನ್ನು ಕೊಟ್ಟು ನಿಂತಿದಾಳೆ."

ಲಕ್ಕಿಯ ರೆಕ್ಕೆಯ ಸದ್ದು ಒಂದೇ ಕೇಳುತ್ತಿತ್ತು, ಅದೂ ದಣಿದು ಸಣ್ಣಗಾಗುತ್ತಿತ್ತು. ಅವಳು ನಿಲ್ಲಿಸಲೂ ಇಲ್ಲ, ತಿರುಗಲೂ ಇಲ್ಲ.

"ಮೂಲೆಯ ಮರಿ ಬಾಯಿ ತೆರೆಯಿತು" ಅಂದಳು ಅಮ್ಮ. "ಒಂದು ಬೆನ್ನು ಸಾಲದು. ಇನ್ನೂ ಬೇಕು."

ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಟ್ಟಿದಾಗಿನಿಂದ ಕಲಿತದ್ದು ಕಾಲಲ್ಲೇ ಕೂತಿರುತ್ತದೆ, ಮಕ್ಕಳೇ, ಅಮ್ಮ ಹೇಳಿದರೂ ಏಳುವುದಿಲ್ಲ. ಕೊನೆಗೆ ಹೊಂಗೆಯಕ್ಕ ಲಕ್ಕಿಯ ಪಕ್ಕಕ್ಕೆ ಬಂದಳು. ತಾನು ಕಚ್ಚಿದ ಹಿಂಗಾಲನ್ನು ಒಮ್ಮೆ ನೋಡಿದಳು.

"ಸ್ವಲ್ಪ ಸರಿಯೇ" ಅಂದಳು. ಕಣ್ಣು ಮುಚ್ಚಿಕೊಂಡು ತಿರುಗಿದಳು. ತಿರುಗಿದಾಗ ತಂಪು ಗಾಳಿ ಮೊದಲ ಸಲ ಅವಳ ಮುಖಕ್ಕೆ ತಾಗಿತು. ಕಣ್ಣು ತೆರೆದಳು. "ಅಯ್ಯೋ, ಈ ಕಡೆ ಇಷ್ಟು ಹಾಯಾಗಿದೆಯಾ!"

ಅದಾದ ಮೇಲೆ ಒಬ್ಬೊಬ್ಬಳಾಗಿ ಎಲ್ಲರೂ ತಿರುಗಿದರು.

ಅದಕ್ಕೇ ನೋಡಿ, ಬಿರುಬೇಸಿಗೆಯ ಮಧ್ಯಾಹ್ನ ನೀವು ಯಾವುದಾದರೂ ಮರದ ಪೊಟರೆಯಿಂದ ನಾಲ್ಕು ಮಾರು ದೂರ ಸದ್ದಿಲ್ಲದೆ ನಿಂತರೆ, ತುಡುವೆ ಜೇನುಗಳು ಬಾಗಿಲ ಒಂದೇ ಪಕ್ಕದಲ್ಲಿ ಒತ್ತಾಗಿ, ಮುಖ ನಮ್ಮ ಕಡೆ, ಬೆನ್ನು ಅಮ್ಮನ ಕಡೆ ಮಾಡಿಕೊಂಡು, ಎಲ್ಲಿಗೂ ಹಾರದೆ ನಿಂತಲ್ಲೇ ಇವತ್ತಿಗೂ ರೆಕ್ಕೆ ಬೀಸುತ್ತಿರುತ್ತವೆ.