ಸುತ್ತಿ ಬಂದ ಚುಕ್ಕಿ

ಎಂಜಿನಿಯರ್ ನಿರುಪಮಾ ಕಂಪ್ಯೂಟರಿನಲ್ಲಿ ಒಂದು ರಬ್ಬರ್ ಚಕ್ರವನ್ನು ಚಿತ್ರಿಸಿ, ಅದಕ್ಕೆ ಬಿಗಿಯಾಗಿ ಉಕ್ಕಿನ ಬಳೆ ತೊಡಿಸಿದಳು. ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೆ ರಬ್ಬರು ಬಳೆಗೆ ಎಷ್ಟು ಉಜ್ಜುತ್ತದೆ ಎಂದು ಅವಳು ನೋಡಬೇಕಿತ್ತು. ಚಕ್ರದ ಅಂಚಿನ ಒಂದು ಚುಕ್ಕಿಗೋ, ಬಳೆಯ ಎದುರು ಬದಿಯಲ್ಲಿದ್ದ ಚುಕ್ಕಿಯನ್ನು ಸೇರುವ ಹಂಬಲ. ಚಿತ್ರ ಮೂಡಿದಾಗಿನಿಂದ ಎರಡೂ ಒಂದನ್ನೊಂದು ನೋಡುತ್ತಲೇ ಇದ್ದವು.

ಅವಸರದಲ್ಲಿದ್ದ ನಿರುಪಮಾ ಅಂಚಿನ ಚುಕ್ಕಿಗಳಿಗೆಲ್ಲ ಹೊರಡುವ ಜಾಗ, ತಲುಪುವ ಜಾಗ ಎರಡನ್ನೇ ಹೇಳಿದಳು; ನಡುವಿನ ದಾರಿ ಹೇಳಲಿಲ್ಲ.

"ಚಕ್ರದಲ್ಲಿ ಹುಟ್ಟಿದವರಿಗೆ ಅಡ್ಡದಾರಿ ಇಲ್ಲ. ಸುತ್ತಿಕೊಂಡು ಹೋಗಿ," ಎಂದಿತು ಚಕ್ರದ ನಡುಬಿಂದು.

"ಅಷ್ಟು ತಾಳ್ಮೆ ನನಗಿಲ್ಲ. ಅದು ಕಣ್ಣೆದುರೇ ಇದೆ," ಎಂದು ಚುಕ್ಕಿ ನೇರವಾಗಿ ಓಡಿತು. ಉಳಿದವೂ ಓಡಿದವು. ಅರ್ಧ ದಾರಿಯಲ್ಲಿ ಎಲ್ಲವೂ ನಡುಬಿಂದುವಿನ ಮೇಲೇ ಬಿದ್ದವು. ಚಕ್ರವೇ ಮುದುಡಿಹೋಯಿತು. ಬಳೆಗೆ ತಾಗುವವರು ಯಾರೂ ಉಳಿಯಲಿಲ್ಲ, ಲೆಕ್ಕ ನಿಂತಿತು.

"ತಪ್ಪು ನನ್ನದೇ," ಎಂದ ನಿರುಪಮಾ ಎಲ್ಲವನ್ನೂ ಮೊದಲಿನ ಜಾಗಕ್ಕೆ ತಂದಳು. ಚಕ್ರವನ್ನು ನಡುಬಿಂದುವಿಗೆ ಕಟ್ಟಿ, ಆ ಬಿಂದುವನ್ನು ಮಾತ್ರ ಒಂದೊಂದೇ ಡಿಗ್ರಿ ತಿರುಗಿಸಿದಳು.

"ಹೆಜ್ಜೆ ಚಿಕ್ಕದಾಗಲಿ, ಬಳೆಯನ್ನು ಬಿಡಬೇಡಿ," ಎಂದಿತು ನಡುಬಿಂದು.

ಚುಕ್ಕಿ ಹೆಜ್ಜೆ ಹೆಜ್ಜೆಗೂ ಬಳೆಯನ್ನು ಸವರುತ್ತ, ನೂರ ಎಂಬತ್ತನೆಯ ಹೆಜ್ಜೆಗೆ ತಲುಪಿತು.

"ಬಹಳ ತಡವಾಯಿತು," ಎಂದು ತಲೆ ತಗ್ಗಿಸಿತು.

"ಇಲ್ಲ," ಎಂದಿತು ಬಳೆಯ ಚುಕ್ಕಿ. "ನೀನು ಬಳೆಯನ್ನು ಮುಟ್ಟಿದ್ದೆಲ್ಲ ಮೊದಲ ಹೆಜ್ಜೆಯಿಂದಲೇ ನನಗೆ ತಿಳಿಯುತ್ತಿತ್ತು. ಮೊದಲು ನೇರವಾಗಿ ಓಡಿದೆಯಲ್ಲ, ಆಗ ಮಾತ್ರ ನೀನು ಎಲ್ಲೂ ಇರಲಿಲ್ಲ."