ಪೋಸ್ಟಿನ ಕೆಳಗಿನ ನಂಬರು

ನಮ್ಮೂರ ರಕ್ತದಾನಿಗಳ ಸಂಘಕ್ಕೆ ಇದ್ದದ್ದು ಒಬ್ಬಳೇ ಗುಮಾಸ್ತೆ. ಫೇಸ್‌ಬುಕ್ಕಿಗೆ ಪೋಸ್ಟ್ ಹಾಕುವವಳೂ ಅವಳೇ, ಅದನ್ನು ನೋಡಿ ರಕ್ತ ಕೇಳುವವರ ಫೋನ್ ಎತ್ತುವವಳೂ ಅವಳೇ.

ಹೊಸ ಅಧ್ಯಕ್ಷರಾದ ಪರಪ್ಪನವರು ಬಂದವರೇ, "ದಿನಕ್ಕೊಂದು ಪೋಸ್ಟ್ ಸಾಲದು, ಹತ್ತು ಹಾಕು. ಎಲ್ಲದರಲ್ಲೂ ನನ್ನ ಫೋಟೊ ಇರಲಿ" ಅಂದರು.

"ಆಗಲಿ ಸಾರ್" ಅಂದಳು. ಫೋಟೊ ಹಾಕಿದಳು. ಕೆಳಗೆ ಅವರದೇ ಫೋನ್ ನಂಬರೂ ಹಾಕಿದಳು.

ಮೂರನೇ ದಿನ ಬಂದ ಅಧ್ಯಕ್ಷರ ಗಂಟಲು ಮಾತಾಡಿ ಮಾತಾಡಿ ಕಟ್ಟಿತ್ತು. "ಊಟಕ್ಕೆ ಕೂತರೂ ಫೋನು, ಸ್ನಾನಕ್ಕೆ ಹೋದರೂ ಫೋನು. ಒಬ್ಬ ತಾಯಿ ಅತ್ತುಬಿಟ್ಟಳು. ಇದನ್ನೆಲ್ಲ ಎಷ್ಟು ದಿನದಿಂದ ಎತ್ತುತ್ತಿದ್ದೀಯ?"

"ಆರು ವರ್ಷ ಸಾರ್. ಇವತ್ತಿನ ಹತ್ತು ಹಾಕಲಾ?"

ಅಧ್ಯಕ್ಷರು ತಮ್ಮ ಕುರ್ಚಿಯನ್ನು ಅವಳ ಕಡೆ ಎಳೆದಿಟ್ಟು, ತಾವು ಸ್ಟೂಲಿನ ಮೇಲೆ ಕೂತರು.

"ಎಷ್ಟು ಹಾಕಬೇಕು ಅಂತ ನೀವೇ ಹೇಳಿ, ತಾಯಿ."