ಉಜ್ಜುತ್ತ ನಿಂತ ಕಟರ್

ನಾಲ್ಕು ಜನ ಹಂಚಿಕೊಂಡು ದುಡಿಯುವ ವರ್ಕ್‌ಶಾಪಿನಲ್ಲಿ ತಿರುಗುತ್ತ ಲೋಹ ಕೆತ್ತುವ ಒಂದು ಮಿಲ್ಲಿಂಗ್ ಕಟರ್ ಇತ್ತು. ಹಲ್ಲು ಹೊಸದು, ತಾಳ್ಮೆ ಕಮ್ಮಿ. ಒಂದು ದಿನ ಅದರೆದುರು ಸ್ಟೇನ್‌ಲೆಸ್ ಸ್ಟೀಲಿನ ತುಂಡೊಂದು ಬಂದು ಕೂತಿತು. ಕಟರ್ ಗರಗರ ತಿರುಗುತ್ತ ಅದರ ಮೈಗೆ ಹಲ್ಲು ತಾಗಿಸಿತು, ತಾಗಿಸಿದ್ದೇ ಚಡಪಡಿಸತೊಡಗಿತು.

"ನನ್ನ ಹಲ್ಲು ತಣ್ಣಗಿಡಲು ಬಂದವನು ಯಾರು?"

"ಎಣ್ಣೆ ಬೆರೆಸಿದ ನೀರು, ಸ್ವಾಮಿ. ಇಲ್ಲಿ ಎಲ್ಲರಿಗೂ ನಾನೇ."

"ಊರಿಗೆಲ್ಲ ಆಗುವವನು ನನಗೆ ಆಗುತ್ತೀಯಾ? ನಡಿ ಆಚೆ! ಬರೀ ಎಣ್ಣೆ ಬರಲಿ."

ಎಣ್ಣೆ ಬಂತು, ಹೊಗೆ ಎದ್ದಿತು. "ಅಯ್ಯೋ, ಬೇಡ, ನೀರೇ ಇರಲಿ!" ನೀರು ಬಂತು. "ತೀರಾ ತೆಳುವಾಯಿತು, ಇನ್ನಷ್ಟು ಎಣ್ಣೆ ಬೆರೆಸಿ!" ಹೀಗೆ ಕೂಗಾಡಿದಷ್ಟು ಹೊತ್ತೂ ಕಟರ್ ಕೂದಲೆಳೆಯಷ್ಟೂ ಮುಂದೆ ಹೋಗಲಿಲ್ಲ, ನಿಂತಲ್ಲೇ ತಿರುಗಿ ತಿರುಗಿ ಸ್ಟೀಲಿನ ಮೈ ಉಜ್ಜುತ್ತಲೇ ಇತ್ತು.

ಕೊನೆಗೆ ಮೊದಲು ಬಂದಿದ್ದ ಎಣ್ಣೆ ಬೆರೆಸಿದ ನೀರನ್ನೇ ಒಪ್ಪಿ ಜೋರಾಗಿ ಮುನ್ನುಗ್ಗಿತು. ಟಣ್ಣೆಂದು ಎರಡು ಹಲ್ಲು ಮುರಿದು ಬಿದ್ದವು.

"ಮೋಸ! ಇಷ್ಟು ಗಟ್ಟಿ ಎಂದು ಮೊದಲೇ ಯಾಕೆ ಹೇಳಲಿಲ್ಲ?"

"ನೀವು ಬಂದಾಗ ನಾನು ಇಷ್ಟು ಗಟ್ಟಿ ಇರಲಿಲ್ಲ, ಸ್ವಾಮಿ," ಎಂದಿತು ಸ್ಟೀಲು. "ಮುಂದೆ ಹೋಗದೆ ಉಜ್ಜಿ ಉಜ್ಜಿ ನೀವೇ ಗಟ್ಟಿ ಮಾಡಿದಿರಿ."